ಏಳುವ ಮೊದಲು ಹೇಳಬೇಕಾದ ಮಾತು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮುಂಬಯಿಯ ಆಂಟಾಪ್ ಹಿಲ್‌ನ ಹಳೆಯ ಬಿಲ್ಡಿಂಗೊಂದರ ಸೊಸೈಟಿ ಕೋಣೆಯಲ್ಲಿ ವಾರಿಜಾ ಕುರ್ಚಿಗಳನ್ನು ಒರೆಸಿ ಇಡುತ್ತಿದ್ದಾರೆ. ಎದುರುಬದುರಲ್ಲ, ತುಸು ಓರೆಯಾಗಿ. "ಅಳುವವರಿಗೆ ಕಿಟಕಿ ಕಡೆ ನೋಡಲಿಕ್ಕೆ ಜಾಗ ಬೇಕಲ್ಲ?" ಎನ್ನುತ್ತಾರೆ.

ತಮ್ಮವರನ್ನು ಕಳೆದುಕೊಂಡವರಿಗೆ ಜೊತೆಯಾಗುವ ಆಪ್ತಸಮಾಲೋಚಕರನ್ನು ತಯಾರು ಮಾಡುವುದು ವಾರಿಜಾ ಅವರ ಕೆಲಸ. ಭಾಂಡುಪ್‌ನಿಂದ ಹೊರಟು, ಕುರ್ಲಾದಲ್ಲಿ ಲೋಕಲ್ ರೈಲು ಬದಲಿಸಿ ಬರುತ್ತಾರೆ. ಕಲಿಯುವವರು ಆಫೀಸಿಗೆ ಹೊರಡುವ ಮೊದಲೇ ಪಾಠ ಮುಗಿಯಬೇಕು. ಹೋಟೆಲ್ ಮ್ಯಾನೇಜರಾಗಿದ್ದ ಗಂಡ ತೀರಿಕೊಂಡಾಗ ಉಡುಪಿಯ ಈ ಹೆಂಗಸು ಮಾತೇ ಬಿಟ್ಟಿದ್ದರಂತೆ. ಪಕ್ಕದ ಮನೆಯ ಸ್ನೇಹಲ್ ದಿನಾ ಸಂಜೆ ಬಂದು, ಏನೂ ಕೇಳದೆ, ಜೊತೆಗೆ ಕೂತು ಬಟಾಣಿ ಸುಲಿಯುತ್ತಿದ್ದರು. "ಕೋರ್ಸ್ ಮಾಡಿದ್ದು ಆಮೇಲೆ. ಮೊದಲ ಗುರು ಅವಳೇ."

ಇವತ್ತು ಪಾಠಕ್ಕೆ ಬಂದ ನಿಖಿತಾಳ ಕಣ್ಣು ಕೆಂಪಾಗಿದೆ. ಹೆಂಡತಿಯನ್ನು ಕಳೆದುಕೊಂಡ ಹೋಟೆಲ್ ಅಡುಗೆಯವರು ಮೋನಪ್ಪ. ನಿಖಿತಾಳಿಗೆ ಒಪ್ಪಿಸಿದ ಮೊದಲ ಮನೆ ಅವರದು.

"ಅಕ್ಕಾ, ನಾನು ಬಿಟ್ಟುಬಿಡ್ತೇನೆ. ಫಸ್ಟ್ ಡೇ ಎಷ್ಟು ಮಾತಾಡಿದ್ರು! ಮತ್ತೆ ಹೋದ್ರೆ ದರ್ವಾಜಾನೇ ತೆಗೀಲಿಲ್ಲ."

"ಹೊರಡುವಾಗ ಎಂತ ಹೇಳಿದೆ?"

"ಏನಿಲ್ಲ. ಸಾವಿನ ಮನೇಲಿ ‘ಬರ್ತೇನೆ’ ಅನ್ನಬಾರ್ದು ಅಂತ ಮಮ್ಮಿ ಹೇಳಿದ್ರು. ಸುಮ್ನೆ ಎದ್ದು ಬಂದೆ."

"ಮಮ್ಮಿ ಹೇಳಿದ್ದು ಸರಿಯೇ ಮಾರಾಯ್ತಿ. ಆದರೆ ಅವರ ಹೆಂಡತಿಯೂ ಹೇಳದೆಯೇ ಹೋದದ್ದು. ಕೂತಿರುವಾಗಲೇ ಹೇಳಬೇಕು, ಯಾವ ದಿನ, ಎಷ್ಟು ಗಂಟೆಗೆ ಮತ್ತೆ ಬರುವುದು ಅಂತ. ಎದ್ದ ಮೇಲೆ ಮಾತಿಲ್ಲ."

ವಾರಿಜಾ ಮೋನಪ್ಪನಾಗಿ ಕೂತು ಅವಳಿಂದ ಅಭ್ಯಾಸ ಮಾಡಿಸುತ್ತಾರೆ. "ಅಕ್ಕಾ, ಮೀಸೆ ಬೇಡ್ವಾ?" ಎಂದು ಜೊತೆಗೆ ಕಲಿಯುವ ಪ್ರಶಾಂತ ಛೇಡಿಸುತ್ತಾನೆ. ನಿಖಿತಾಳಿಗೂ ನಗು.

ಪಾಠ ಮುಗಿಸಿ ವಾರಿಜಾ, ನಿಖಿತಾ ಇಬ್ಬರೂ ಪಕ್ಕದ ಗಲ್ಲಿಗೆ ಹೋಗುತ್ತಾರೆ. ಮೋನಪ್ಪನವರ ಬಾಗಿಲು ಮುಚ್ಚಿಯೇ ಇದೆ. ನಿಖಿತಾ ಹೊರಗಿನ ಮೆಟ್ಟಿಲ ಮೇಲೆ ಕೂರುತ್ತಾಳೆ, ಕೂತೇ, ಬಾಗಿಲಿಗೆ ಕೇಳುವಂತೆ ಹೇಳುತ್ತಾಳೆ: "ಅಂಕಲ್, ಗುರುವಾರ ನಾಲ್ಕು ಗಂಟೆಗೆ ಬರ್ತೇನೆ. ಆಂಟಿ ಮೊದಲ ಸಲ ಮುಂಬಯಿಗೆ ಬಂದ ಕಥೆ ಅರ್ಧಕ್ಕೆ ನಿಂತಿದೆ." ಅವಳು ಎದ್ದು, ಮಾತಿಲ್ಲದೆ ಮೆಟ್ಟಿಲಿಳಿಯುತ್ತಾಳೆ.

ಮುಂದಿನ ಪಾಠಕ್ಕೆ ಅವಳು ಓಡಿಕೊಂಡೇ ಬರುತ್ತಾಳೆ. ಗುರುವಾರ ಬಾಗಿಲು ತೆರೆದೇ ಇತ್ತಂತೆ. ಅಡುಗೆಮನೆಯಿಂದ ಮೋನಪ್ಪನವರ ಗದರಿಕೆ: "ನಾಲ್ಕು ಅಂದರೆ ನಾಲ್ಕೂಕಾಲಾ? ಚಾ ಎರಡು ಸಲ ಬಿಸಿ ಮಾಡಿದೆ!"

ವಾರಿಜಾ ಕನ್ನಡಕ ತೆಗೆದು, ನಿಧಾನವಾಗಿ ಒರೆಸಿಕೊಂಡು, ವರದಿಗೆ ಬಂದ ನನ್ನತ್ತ ತಿರುಗುತ್ತಾರೆ.

"ಈ ಉಪಾಯ ನನ್ನದಲ್ಲ. ಸ್ನೇಹಲ್ ದಿನಾ ಏಳುವ ಮೊದಲೇ ಹೇಳುತ್ತಿದ್ದಳು, ‘ನಾಳೆ ಮೇಥಿ ಸೊಪ್ಪು ತರುತ್ತೇನೆ, ಬಿಡಿಸುವಾ’ ಅಂತ. ಅದಕ್ಕೇ ನಾನು ಮರುದಿನ ಬಾಗಿಲು ತೆಗೆಯುತ್ತಿದ್ದದ್ದು. ನನ್ನ ಫೋಟೋ ಎಲ್ಲ ಬೇಡ. ಪೇಪರಿನಲ್ಲಿ ಅವಳ ಹೆಸರು ಹಾಕಿ, ಆಯ್ತಾ?"