ಆಡು ಕೊಟ್ಟ ಸಾಕ್ಷಿ

ಥರ್ಮೋಕೋಲ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತವನಿಗೆ ನಿದ್ದೆ ಬರುವುದಿಲ್ಲ, ನೋಡಿ. ಒಳಗೆ ಐಸು ಕರಗುತ್ತಿರುತ್ತದೆ, ಹೊರಗೆ ನಾವು. ತೊಂಬತ್ತರ ದಶಕದಲ್ಲಿ ಸೇಲಂನ ಸಣ್ಣದೊಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ನನ್ನ ವಿದ್ವತ್ತಿನ ಬಹುಪಾಲು ಇಂಥ ಪೆಟ್ಟಿಗೆಗಳನ್ನು ಬೆಂಗಳೂರಿನಿಂದ ಹೊತ್ತು ತರುವುದರಲ್ಲೇ ಸವೆಯಿತು.

ಆ ಸಲ ಪೆಟ್ಟಿಗೆಯಲ್ಲಿದ್ದದ್ದು ಕಿರುಬೆರಳಿನಷ್ಟು ಶೀಶೆ. ಅದರೊಳಗೆ ಯಾವುದೋ ದೇಶದ ಆಡಿನ ರಕ್ತದಿಂದ ತೆಗೆದ ಆಂಟಿಬಾಡಿ. ಕೊಬ್ಬು ನೀರಿನಲ್ಲಿ ಬೆರೆಯದು. ರಕ್ತವೋ ಬಹುಪಾಲು ನೀರು. ಹಾಗಾಗಿ ಕೊಬ್ಬನ್ನು ಹೊತ್ತು ತಿರುಗುವುದಕ್ಕೆಂದೇ ನಮ್ಮ ಮೈಯಲ್ಲಿ ಒಂದು ಪ್ರೋಟೀನ್ ಇದೆ. ಅದನ್ನು ಆಡಿಗೆ ಚುಚ್ಚಿದರೆ, ಇದು ನನ್ನದಲ್ಲ ಎಂದು ಆಡಿನ ಮೈ ಗುರುತಿಸಿ, ಅದನ್ನು ಹಿಡಿಯುವ ಆಂಟಿಬಾಡಿಯನ್ನು ತಯಾರಿಸುತ್ತದೆ. ತಿಂಗಳುಗಟ್ಟಲೆ ಕಾದು ತರಿಸಿದ ಆ ಹನಿಗಳನ್ನು ಹೊತ್ತ ಬಸ್ಸು ಧರ್ಮಪುರಿಯಲ್ಲಿ ಕೆಟ್ಟು ನಿಂತಿತು.

ಪುಣ್ಯಕ್ಕೆ ಚಿಕ್ಕವ್ವನ ಮನೆ ಬಸ್‌ಸ್ಟ್ಯಾಂಡಿನ ಹಿಂದೆಯೇ ಇತ್ತು, ಮನೆಯಲ್ಲಿ ಫ್ರಿಜ್ಜೂ ಇತ್ತು. ಇಡ್ಲಿ ಹಿಟ್ಟನ್ನು ಸರಿಸಿ ಶೀಶೆಗೆ ಜಾಗ ಮಾಡಿದ ಚಿಕ್ಕವ್ವ ಅದೇನೆಂದು ಕೇಳಿದಳು. ಹೇಳಿದೆ.

"ಪಾವಂ, ಆ ಆಡು," ಎಂದು ಮರುಗಿದಳು. "ನಮ್ ಕೊಬ್ಬಿಗೆ ಅದ್ಯಾಕೆ ಸೂಜಿ ಚುಚ್ಚಿಸ್ಕೋಬೇಕು?"

ಅವಳ ಮಗಳು ಸರೋಜ ನಗಲಿಲ್ಲ. ಬೀಡಿ ಕೂಡ ಸೇದದ ನಮ್ಮ ಚಿಕ್ಕಪ್ಪ ನಲವತ್ತು ತುಂಬುವ ಮೊದಲೇ ಎದೆನೋವಿನಿಂದ ತೀರಿಕೊಂಡಿದ್ದರು. ಅವರ ಕಣ್ಣೆವೆಯ ಮೇಲಿದ್ದಂಥ ಹಳದಿ ಕೊಬ್ಬಿನ ಗಂಟು ಈಗ ಇವಳಿಗೂ ಮೂಡಿತ್ತು. ಕೊಳತ್ತೂರಿನ ಸಂಬಂಧವೊಂದು ಗಟ್ಟಿಯಾಗುವುದರಲ್ಲಿತ್ತು.

"ಅಣ್ಣ, ನನ್ ರಕ್ತಾನೂ ನೋಡು," ಎಂದಳು.

ಮದುವೆ ಮುಗಿಯಲಿ, ಆಮೇಲೆ ನೋಡಿದರಾಯಿತು ಎಂದು ಚಿಕ್ಕವ್ವ ಗೋಗರೆದಳು. ಸರೋಜ ಕೇಳಲಿಲ್ಲ. ಮುಂದಿನ ವಾರ ತಾನೇ ಸೇಲಂಗೆ ಬಂದು ತೋಳು ಚಾಚಿದಳು.

ಆಂಟಿಬಾಡಿ ಬೆರೆಸಿದ ಜೆಲ್ಲಿನ ಗುಳಿಯಲ್ಲಿ ರಕ್ತದ ತಿಳಿ ಹಾಕಿಟ್ಟರೆ ಸುತ್ತ ಬಿಳಿ ಉಂಗುರ ಮೂಡುತ್ತದೆ. ಪ್ರೋಟೀನ್ ಹೆಚ್ಚಿದ್ದಷ್ಟೂ ಉಂಗುರ ದೊಡ್ಡದು. ಸರೋಜಳ ಉಂಗುರ ಕಂಡಾಗ, ಬಸ್ಸಿನ ಸೆಕೆಗೆ ಆಂಟಿಬಾಡಿ ಕೆಟ್ಟುಹೋಗಿರಲಿ ಎಂದು ಜೀವಮಾನದಲ್ಲಿ ಮೊದಲ ಸಲ ಹಾರೈಸಿದೆ. ಕೆಟ್ಟಿರಲಿಲ್ಲ. ಹೋಲಿಸಲೆಂದು ಹಾಕಿದ್ದ ನನ್ನ ರಕ್ತದ ಉಂಗುರ ಇರಬೇಕಾದಷ್ಟೇ ಇತ್ತು. ಸರೋಜಳದು ಪಕ್ಕದ ಗುಳಿಯನ್ನು ಮುಟ್ಟುವಂತಿತ್ತು. ನಮ್ಮದು ಬರೀ ಸಂಶೋಧನೆ, ಆಸ್ಪತ್ರೆಯಲ್ಲಿ ಇನ್ನೊಮ್ಮೆ ತೋರಿಸು ಎಂದೆ. ಅಲ್ಲಿನ ಡಾಕ್ಟರೂ ರಕ್ತದಲ್ಲಿ ಕೊಬ್ಬು ಹೆಚ್ಚಿದೆ, ಅಪ್ಪನಿಂದ ಬಂದದ್ದು ಎಂದು ಹೇಳಿ ಪಥ್ಯ, ಮಾತ್ರೆ ಬರೆದುಕೊಟ್ಟರು.

ಗಂಡಿನ ಕಡೆಯವರು ಬಂದ ದಿನ ನನ್ನನ್ನೂ ಕರೆದಿದ್ದರು. ಎಲ್ಲರಿಗೂ ಕಾಫಿ ಕೊಟ್ಟ ಸರೋಜ ಒಳಗೆ ಹೋಗದೆ ಅಲ್ಲೇ ನಿಂತಳು.

"ನಮ್ಮಪ್ಪನ್ ಕಾಯ್ಲೆ ನಂಗೂ ಐತೆ. ಮಾತ್ರೆ ತಕೊಂತಾ ಇವ್ನಿ. ತಿಳ್ಕೊಂಡು ಮುಂದಿನ್ ಮಾತಾಡಿ."

ಚಿಕ್ಕವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನಗೆ ಎದ್ದು ಹೋಗಿಬಿಡೋಣವೆನಿಸಿತು. ಗಂಡಿನ ತಾಯಿ ಲೋಟ ಕೆಳಗಿಟ್ಟರು.

"ನಮ್ಮನೇಲಿ ಎಲ್ಲಾರ್ಗೂ ಸಕ್ಕರೆ ಕಾಯ್ಲೆ," ಎಂದರು. "ಕೇಳಿದ್ರೂ ಏಳ್ಬಾರ್ದು ಅಂತ ಮಾತಾಡ್ಕೊಂಡೇ ಬಂದ್ವಿ. ನೀನೇ ಮೇಲು, ತಾಯಿ."

ಹುಡುಗ ತಲೆ ತಗ್ಗಿಸಿ ನಕ್ಕ.

ಮದುವೆ ಆಯಿತು. ನಮ್ಮ ಸಂಶೋಧನೆ ಅರ್ಧಕ್ಕೇ ನಿಂತಿತು, ನನಗೂ ಸಾಕಾಗಿತ್ತು. ಈಗಲೂ ಕೊಳತ್ತೂರಿಗೆ ಹೋದರೆ ಸರೋಜಳೇ ಬಡಿಸುತ್ತಾಳೆ. ಅವರಿಗೆ ಸಕ್ಕರೆ ಆಗದು, ಇವಳಿಗೆ ಎಣ್ಣೆ ಆಗದು. ಎಲೆಯ ಮೇಲೆ ಎರಡೂ ಇರುವುದಿಲ್ಲ. ಆದರೆ ಆ ಮನೆಯಲ್ಲಿ ಯಾರೂ ಏನನ್ನೂ ಮುಚ್ಚಿಡುವುದಿಲ್ಲವಾದ್ದರಿಂದ, ಊಟ ಸಪ್ಪೆ ಎಂದು ಹೇಳಲು ನನಗೂ ಅಡ್ಡಿಯಿಲ್ಲ. ಹೇಳಿ, ಇನ್ನೊಂದು ಸಲ ಬಡಿಸಿಕೊಳ್ಳುತ್ತೇನೆ.