‘ಉಂಡ್ಯಾ’ ಅಂತ ಅವನು ಕೇಳದ ದಿನ

ಮೊದಲು ನಡುಗಿದ್ದು ಕೈಬೆರಳು. ಸೋಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ನಾನು ಚೆಕ್ಕಿಂಗ್ ಕೆಲಸದವಳು. ಅವತ್ತು ಕ್ಯಾಂಟೀನಿನಲ್ಲಿ ಕೂತಿದ್ದೆ. ಎದುರಿಗಿದ್ದ ಊಟದ ಡಬ್ಬಿ ಎರಡೆರಡಾಗಿ ಕಂಡಿತು. ಮೈಯೆಲ್ಲ ಬೆವರು. ಶುಗರ್ ಇಳಿಯುತ್ತಿದೆ ಅಂತ ಗೊತ್ತಿತ್ತು. ಹದಿಮೂರನೇ ವಯಸ್ಸಿನಿಂದ ಟೈಪ್ ಒನ್ ಡಯಾಬಿಟಿಸ್ ಜೊತೆ ಏಗುತ್ತಿರುವವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೂ ಉಣ್ಣಲಿಲ್ಲ.

ಮಹೇಶ ಇನ್ನೂ ‘ಉಂಡ್ಯಾ?’ ಅಂತ ಕೇಳಿರಲಿಲ್ಲ.

ನಮ್ಮ ಮಂಡ್ಯದ ಕಡೆ ‘ಐ ಲವ್ ಯೂ’ ಅನ್ನುವುದಕ್ಕೆ ನಾಲಿಗೆ ಹೊರಳುವುದಿಲ್ಲ. ‘ಉಂಡ್ಯಾ?’ ಅಂತೀವಿ, ಅದರಲ್ಲೇ ಎಲ್ಲ ಬಂತು. ಹಲಗೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಮಹೇಶ ದಿನಾ ಮಧ್ಯಾಹ್ನ ಫೋನ್ ಮಾಡಿ ಕೇಳುತ್ತಿದ್ದ. ಅವನು ಕೇಳಿದ ಮೇಲೆ ನಾನು ಉಣ್ಣುವುದು, ನಾನು ಉಂಡೆ ಅಂದ ಮೇಲೆ ಅವನು ಉಣ್ಣುವುದು. ಮೊದಮೊದಲು ಆಟ, ಆಮೇಲೆ ವ್ರತ. ಎರಡು ವರ್ಷದಲ್ಲಿ ಗೆಳತಿಯರು ದೂರವಾದರು, ಚೆಕಪ್‌ಗೆ ಹೋಗುವುದೂ ನಿಂತಿತು. ನನಗೆ ಜಂಬವೋ ಜಂಬ. ಇಷ್ಟು ಹುಚ್ಚು ಹಚ್ಚಿಕೊಂಡು ಪ್ರೀತಿಸುವವನು ಎಷ್ಟು ಜನಕ್ಕೆ ಸಿಗುತ್ತಾನೆ ಹೇಳಿ?

ಅವತ್ತು ಬೆಳಗ್ಗೆ ಬಸ್ಸಿನ ನೂಕುನುಗ್ಗಲಲ್ಲಿ ಅವನ ಫೋನ್ ಎತ್ತಿರಲಿಲ್ಲ. ಅದಕ್ಕೆ ಅವನಿಗೆ ಮುನಿಸು, ಮಧ್ಯಾಹ್ನ ಫೋನ್ ಮಾಡಲಿಲ್ಲ. ಊಟದ ಬೆಲ್ಲಿಗೆ ಎಂದಿನಂತೆ ಇನ್ಸುಲಿನ್ ಚುಚ್ಚಿಕೊಂಡು ಫೋನ್ ನೋಡುತ್ತ ಕಾದೆ. ಜೊತೆಗೆ ಕೆಲಸ ಮಾಡುವ ರತ್ನಕ್ಕ ಎರಡು ಸಲ ಗದರಿದಳು. ಮುಂದಿನದು ನೆನಪಿಲ್ಲ.

ಕಣ್ಣು ಬಿಟ್ಟಾಗ ಮದ್ದೂರಿನ ಆಸ್ಪತ್ರೆ, ಕೈಗೆ ಡ್ರಿಪ್. ಶುಗರ್ ಇಪ್ಪತ್ತೆಂಟಕ್ಕೆ ಇಳಿದಿತ್ತಂತೆ. ಇನ್ನೂ ತಡವಾಗಿದ್ದರೆ ಜೀವ ಉಳಿಯುತ್ತಿರಲಿಲ್ಲ ಅಂದರು ಡಾಕ್ಟರು. ಇನ್ಸುಲಿನ್ ತಗೊಂಡು ಯಾಕಮ್ಮ ಊಟ ಬಿಟ್ಟೆ ಅಂತ ಕೇಳಿದರು. ಸುಳ್ಳು ಹೇಳಲು ಬಾಯಿ ತೆರೆದವಳು ಅವ್ವನ ಮುಖ ನೋಡಿ ನಿಜ ಹೇಳಿಬಿಟ್ಟೆ.

“ಉಣ್ಣಕೂ ಅವನ ಅಪ್ಪಣೆ ಬೇಕಾಗಿತ್ತೇನವ್ವಾ?” ಅಂದಳು ಅವ್ವ. ನಾಚಿಕೆಯಿಂದ ಕುಗ್ಗಿಹೋದೆ.

ಮಾರನೇ ದಿನ ಮಹೇಶ ಬಂದ. ಅತ್ತೂ ಅತ್ತೂ ಕಣ್ಣು ಊದಿಸಿಕೊಂಡಿದ್ದ. ಪಾಪ, ಹಿಂದಿನ ದಿನ ಅವನೂ ಉಂಡಿರಲಿಲ್ಲ. ಆದರೆ ಉಪವಾಸದಿಂದ ಅವನಿಗೆ ಹಸಿವಾಗಿತ್ತು, ನನಗೆ ಪ್ರಜ್ಞೆ ತಪ್ಪಿತ್ತು.

“ನೀನು ಸತ್ತೋಗಿದ್ರೆ ನಾನೂ ಸತ್ತೋಯ್ತಿದ್ದೆ ಕಣೇ,” ಅಂದ.

ಹಿಂದಿನ ವಾರ ಈ ಮಾತು ಕೇಳಿದ್ದರೆ ಕರಗಿ ನೀರಾಗುತ್ತಿದ್ದೆ. ಆಸ್ಪತ್ರೆಯ ಮಂಚದ ಮೇಲೆ ಕೇಳಿದಾಗ ಮೈಯೆಲ್ಲ ಉರಿಯಿತು. ಸಾಯುವುದಕ್ಕೆ ಇಷ್ಟು ಸಲೀಸಾಗಿ ತಯಾರಿದ್ದವನು, ನಾನು ಬದುಕುವುದಕ್ಕೆ ಏನು ಬೇಕು ಅಂತ ಒಂದು ದಿನವೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ ಬಿಡಿ, ತಪ್ಪು ಇಬ್ಬರದೂ ಇತ್ತು.

“ಸಾಯೋರು ನಂಗೆ ಬ್ಯಾಡ ಕಣೋ,” ಅಂದೆ. “ನನ್ನ ಬುಟ್ಬುಡು. ನಾನು ಬದುಕ್ಬೇಕು.”

ಅವನು ಎದ್ದು ಹೋದ.

ಇದಾಗಿ ಮೂರು ತಿಂಗಳು. ಶುಗರ್ ಹತೋಟಿಯಲ್ಲಿದೆ. ಅವತ್ತು ನನ್ನನ್ನು ಆಸ್ಪತ್ರೆಗೆ ಹೊತ್ತುಕೊಂಡು ಓಡಿದ ರತ್ನಕ್ಕನ ಋಣ ಈ ಜನ್ಮಕ್ಕೆ ತೀರುವುದಿಲ್ಲ. ಪ್ರೀತಿ ಮಾತ್ರ ಪೂರ್ತಿ ವಾಸಿಯಾಗಿದೆ ಅನ್ನಲಾರೆ. ಮಧ್ಯಾಹ್ನವಾದರೆ ಇವತ್ತಿಗೂ ಅವನ ನೆನಪು ಬರುತ್ತದೆ. ಅಳು ಬಂದರೆ ಅತ್ತುಕೊಂಡೇ ಉಣ್ಣುತ್ತೇನೆ.