ಅಂಟಿನ ಉಂಡೆ ಯಾರಿಗೆ?

ತುಳಸಾಬಾಯಿ ಬಾಣಂತನಕ್ಕೆ ನಿಂತಳೆಂದರೆ ಆ ಮನೆಯ ಗಂಡಸರು ಬಾಯಿ ಮುಚ್ಚಿಕೊಂಡು ಓಡಾಡಬೇಕು. ಹೈದರಾಬಾದಿನಲ್ಲಿ ನೆಲೆನಿಂತ ನಮ್ಮ ಕಡೆಯ ಮನೆತನಗಳಲ್ಲಿ ಆಕೆಯ ಕೈಯಿಂದ ಎರೆಸಿಕೊಳ್ಳದ ಬಾಣಂತಿಯೇ ಅಪರೂಪ. ಎಣ್ಣೆ ಕಾಸಿ ಮೈ ತಿಕ್ಕಬೇಕು, ಸುಡುಸುಡು ನೀರು ಹೊಯ್ಯಬೇಕು, ಹೊಟ್ಟೆ ಬಿಗಿದು ಕಟ್ಟಬೇಕು, ಮೇಲೆ ಅಂಟಿನ ಉಂಡೆ ತಿನ್ನಿಸಬೇಕು. ಒಂದೂ ತಪ್ಪುವಂತಿಲ್ಲ. ಮಣಿಕೊಂಡದ ಅಪಾರ್ಟ್‌ಮೆಂಟಿನಲ್ಲಿ ಒಮ್ಮೆ ಅಗ್ಗಿಷ್ಟಿಕೆ ಹಚ್ಚಿ, ಬೆಂಕಿ ಬಿತ್ತೆಂದು ಬಕೆಟ್ ಹಿಡಿದು ಓಡಿಬಂದ ವಾಚ್‌ಮನ್‌ನನ್ನೇ ಬೈದು ಕಳಿಸಿದ ಹೆಂಗಸು!

ಅಂಥವಳಿಗೆ ಸ್ವಂತ ಸೊಸೆಯ ಸರದಿ ಬಂದಾಗ ಕೈಕಾಲೇ ಆಡಲಿಲ್ಲ.

ಧನಶ್ರೀಗೆ ದಿನ ತುಂಬುತ್ತ ಬಂದಿತ್ತು. ಹೊಟ್ಟೆಯೊಳಗೇ ಕೂಸಿನ ಎದೆಬಡಿತ ನಿಂತುಹೋಯಿತು. ಆದರೂ ಹೆರಲೇಬೇಕಲ್ಲ, ಹೆತ್ತಳು. ಹೆಣ್ಣು. ಕೂಸು ಅಳಲಿಲ್ಲ. ಧನಶ್ರೀ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದು ಕೋಣೆಯ ಬಾಗಿಲು ಹಾಕಿಕೊಂಡಳು. ಮೂರನೆಯ ದಿನ ಅವಳ ಕುಪ್ಪಸ ಎದೆಯ ಹತ್ತಿರ ಒದ್ದೆಯಾದದ್ದು ತುಳಸಾಬಾಯಿಯ ಕಣ್ಣಿಗೆ ಬಿತ್ತು. ಹಾಲು ಇಳಿದಿತ್ತು. ಕುಡಿಯುವವರಿಲ್ಲ. ಎರೆಯಲೋ ಬೇಡವೋ? ಈ ಹುಡುಗಿ ಬಾಣಂತಿ ಹೌದೋ ಅಲ್ಲವೋ?

ಕೋಠಿಯಿಂದ ನಾದಿನಿ ಫೋನು ಮಾಡಿದಳು. "ವೈನೀ, ಕೂಸಿಲ್ಲದ ಮನ್ಯಾಗ ಎಂಥಾ ಬಾಣಂತನರೀ? ಎಣ್ಣಿ-ಗಿಣ್ಣಿ ಹಚ್ಚಿ ಮತ್ತ ನೆನಪ ಮಾಡಬ್ಯಾಡ್ರಿ. ಏನೂ ಆಗೇ ಇಲ್ಲ ಅನ್ನೋಹಂಗ ಇದ್ದುಬಿಡ್ರಿ."

ಹೌದಲ್ಲ ಅನ್ನಿಸಿತು. ಮರುಗಳಿಗೆಗೆ, ಆಗೇ ಇಲ್ಲ ಅಂದರೆ ಈ ಹಾಲು ಎಲ್ಲಿಂದ ಬಂತು ಅನ್ನಿಸಿತು. ಗಂಡ ಗುರುರಾಜರನ್ನು ಕೇಳಿದಳು. ಸರ್ಕಾರಿ ಕಚೇರಿಯಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವರು, "ಅದು ನಿಮ್ಮ ಹೆಂಗಸರ ಇಲಾಖೆ" ಎಂದು ಕೈತೊಳೆದುಕೊಂಡರು. ಇವರನ್ನು ಕೇಳಿದ್ದೇ ತಪ್ಪು!

ಮಗ ಹೇಮಂತ ಮಾತ್ರ ಊಟಕ್ಕೆ ಕೂತಾಗ ಒಂದು ಮಾತು ಹೇಳಿದ. "ಅವ್ವಾ, ಧನಶ್ರೀ ಆಫೀಸಿನವರು ರಜಾ ಕೊಟ್ಟಾರ. ಕಾಯಿಲೆ ರಜಾ ಅಲ್ಲ, ಬಾಣಂತಿ ರಜಾ ಅಂತನ ಕೊಟ್ಟಾರ. ಹಡದಾಕಿ ಹಡದಾಕಿನ ಅಂದರಂತ."

ತುಳಸಾಬಾಯಿಯ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. ಗಾಜಿನ ಕಟ್ಟಡದಲ್ಲಿ ಕಂಪ್ಯೂಟರ್ ಕುಟ್ಟುವವರಿಗೆ ಹೊಳೆದದ್ದು ಇಷ್ಟು ಬಾಣಂತಿಯರಿಗೆ ಎರೆದ ತನಗೆ ಹೊಳೆಯಲಿಲ್ಲವಲ್ಲ! ಆದರೆ ಅವರಿಗೇನು, ರಜೆ ಕೊಟ್ಟು ಸುಮ್ಮನಾಗಬಹುದು. ಎಣ್ಣೆ ಹಚ್ಚುವಾಗ ಆ ಹುಡುಗಿ ಅತ್ತು ಕುಸಿದರೆ ಹಿಡಿದುಕೊಳ್ಳುವವರು ಯಾರು?

ತಲೆ ಕೆಟ್ಟು ಮರುದಿನ ಬೇಗಂ ಬಜಾರಿಗೆ ಹೋದಳು. ತೆಗೆದುಕೊಳ್ಳುತ್ತೇನೋ ಇಲ್ಲವೋ, ನೋಡಿಯಾದರೂ ಬರುತ್ತೇನೆ ಅಂದುಕೊಂಡೇ ಹೋದಳು. ಅಂಗಡಿಯ ಮುಂದೆ ನಿಂತದ್ದೇ ತಡ, ಅಂಟು, ಉತ್ತತ್ತಿ, ಒಣಕೊಬ್ಬರಿ ಎಂದು ಬಾಯಿ ತಾನಾಗಿ ಹೇಳಿಬಿಟ್ಟಿತು. ಗುರುತಿನ ಅಂಗಡಿಯವನು ತೂಗುತ್ತ ನಕ್ಕ. "ಬೇಟಾ ಹುವಾ ಕಿ ಬೇಟಿ, ಅಮ್ಮಾ?"

ಗಂಡೋ ಹೆಣ್ಣೋ! ಏನು ಹೇಳುವುದು? ಇದು ಬೇರೆಯವರಿಗೆ ಅಂದುಬಿಡಲೇ?

"ಬೇಟಿ," ಅಂದಳು.

"ಮುಬಾರಕ್, ಅಮ್ಮಾ!" ಎಂದು ಅವನು ಒಂದು ಮುಷ್ಟಿ ಉತ್ತತ್ತಿ ಹೆಚ್ಚಿಗೆ ಸುರಿದ.

ಸುಳ್ಳು ಹೇಳಿದೆನೇ? ಹೆಣ್ಣು ಹುಟ್ಟಿದ್ದು ಸುಳ್ಳಲ್ಲವಲ್ಲ. ಆಟೋದಲ್ಲಿ ಮಣಿಕೊಂಡದ ಮನೆಯವರೆಗೂ ಇದೇ ಗೊಂದಲ.

ಮನೆಗೆ ಬಂದು ತುಪ್ಪ ಕಾಸಿ ಅಂಟು ಹಾಕಿದಳು. ಅದು ಚಟಚಟ ಅರಳಿ ಘಮ ಕೋಣೆಯವರೆಗೆ ಹೋಯಿತು. ಬಾಗಿಲು ತೆರೆಯಿತು. ಗೋಡೆ ಹಿಡಿದುಕೊಂಡು ಧನಶ್ರೀ ಅಡುಗೆಮನೆಗೆ ಬಂದಳು.

"ಯಾರು ಹಡದಾರ, ಅತ್ತೀ?"

ತುಳಸಾಬಾಯಿಗೆ ಸೌಟು ಎಲ್ಲಿಡಬೇಕೆಂದು ತಿಳಿಯಲಿಲ್ಲ. "ನೀನ ಹಡದೀಯಲ್ಲವಾ," ಅಂದಳು. ಆಮೇಲೆ ಹೆದರಿ ಒಂದೇ ಉಸಿರಿಗೆ, "ಅಂಗಡಿಯಾಂವ ಗಂಡೋ ಹೆಣ್ಣೋ ಅಂತ ಕೇಳಿದ. ನಾ ಹೆಣ್ಣು ಅಂದೆ. ಮುಬಾರಕ್ ಅಂದ, ಇಸ್ಕೊಂಡು ಬಂದೆ. ತಪ್ಪಾತೇನೋ, ನನಗಂತೂ ತಿಳೀವಲ್ಲದು" ಅಂದಳು.

ಧನಶ್ರೀ ಬಾಣಲೆಯ ಹತ್ತಿರ ಬಂದಳು.

"ನನಗ ಯಾರೂ ಮುಬಾರಕ್ ಅನ್ನಲೇ ಇಲ್ಲ, ಅತ್ತೀ," ಅಂದು ಅಲ್ಲೇ ನೆಲಕ್ಕೆ ಕುಸಿದು, ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತಳು.

ತುಳಸಾಬಾಯಿ ಒಲೆ ಆರಿಸಿ ಪಕ್ಕದಲ್ಲಿ ಕೂತಳು. ಮಾಡಿದ್ದು ಸರಿಯೋ ತಪ್ಪೋ ಈಗಲೂ ಗೊತ್ತಿರಲಿಲ್ಲ. ಸೊಸೆಯ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ಹೇಳಿದಳು: "ಅಳು ನನ್ನವ್ವಾ. ಅತ್ತು ಏಳು. ಎಣ್ಣಿ ಕಾಸ್ತೀನಿ, ಇವತ್ತ ಎರಕೊಳ್ಳಬೇಕು ನೀ."